ತೂಕಕ್ಕೆ ನಿಲ್ಲದ ಕಲ್ಲು

ಶಹಾಬಾದ ರೋಡಿಗೆ ನಮ್ಮ ಲಾರಿ ಕಾಟಾ.
ರಾತ್ರಿಪಾಳಿ ನನ್ನದು. ಫರಸಿ ತುಂಬಿದ ಗಾಡಿ
ಹತ್ತುತ್ತದೆ, ಕೆಂಪು ಅಂಕಿ ನಡುಗಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.

ಇವತ್ತು ಎರಡೂಕಾಲಿಗೆ
ಲಾರಿಯಷ್ಟೇ ದೊಡ್ಡದೊಂದು ಕಲ್ಲು
ಚಂದ್ರನಿಗಿಂತ ಈಚೆ ಹಾದುಹೋಗುವುದಂತೆ.
ಅಪಾಯವಿಲ್ಲ ಎಂದು ಸುದ್ದಿಯಲ್ಲಿ ಎರಡು ಸಲ ಹೇಳಿದರು.

"ಯಾವ ಗಣಿದು?" ಅಂದ ಲಾಡ್ಲೇಸಾಬ.
ಯಾರದೂ ಅಲ್ಲ ಅಂದೆ.
"ಹಂಗಾದ್ರ ರಾಯಲ್ಟಿ?"
ನಕ್ಕ. ಬೀಡಿ ಹಿಡಿದ ಕೈಯಲ್ಲಿ ಮೂರೂವರೆ ಬೆರಳು;
ಉಳಿದದ್ದು ಇಪ್ಪತ್ತು ವರ್ಷದ ಹಿಂದೆ
ಒಂದು ಹಾಸಿನ ಕೆಳಗೆ.

ಕಲ್ಲು ಹತ್ತಿರ ಬಂದರೆ ಏನಾದರೂ ಕೇಳುತ್ತದೆ,
ಇದು ಇಲ್ಲಿಯ ಲೆಕ್ಕ.
ನಾಗೂಬಾಯಿಯ ಗಂಡನ ಉಸಿರು ಕೇಳಿತು, ಚೂರು ಚೂರಾಗಿ.
ನನ್ನಪ್ಪನ ಬಲಗಿವಿ.
ಮನೆಯ ನೆಲಕ್ಕೂ ಅದೇ ಕಲ್ಲು,
ಮೇ ತಿಂಗಳಲ್ಲಿ ಬರಿಮೈಗೆ ತಂಪು. ಅದನ್ನೂ ಹೇಳಬೇಕು.

ಚೀಟಿ ಪುಸ್ತಕ ಮುಚ್ಚಿ ಹೊರಗೆ ಬಂದೆವು.
ಸಿಮೆಂಟಿನ ಧೂಳು, ಅದರಾಚೆ ನಾಲ್ಕೈದು ಚುಕ್ಕಿ.
ಬರಿಗಣ್ಣಿಗೆ ಕಾಣುವುದಿಲ್ಲ, ಗೊತ್ತಿತ್ತು.
ಆದರೂ ಕತ್ತೆತ್ತಿ ನಿಂತೆವು,
ತೋಟಾ ಸಿಡಿಸುವ ಮೊದಲು
ಸೀಟಿ ಕೇಳಿ ನಿಲ್ಲುವ ಹಾಗೆ.

ನಾಯಿ ಸಹ ಬೊಗಳಲಿಲ್ಲ.

"ಹೋತೇನ್ರಿ?"
ಹೋಗಿರಬೇಕು.
ಅವ ಆ ಅರ್ಧ ಬೆರಳನ್ನೇ ಮೇಲಕ್ಕೆ ಮಾಡಿ
"ಭಲೇ ಮಗನೇ" ಅಂದ, "ಮುಟ್ಲಾರ್ದೇ ಹೋದಿ."

ಒಳಗೆ ಬಂದು ನೋಡಿದರೆ
ಖಾಲಿ ಕಾಟಾ ಇಪ್ಪತ್ತು ಕೇಜಿ ತೋರಿಸುತ್ತಿತ್ತು.
ಗಾಳಿಗೆ ಹಾಗೇ ತೋರಿಸುತ್ತದೆ, ರಿಪೇರಿ ಆಗಬೇಕು.
ಸೊನ್ನೆ ಮಾಡಿದೆ.
ವಾಡಿ ಕಡೆಯ ಲಾರಿ ಹಾರ್ನ್ ಹೊಡೆಯಿತು.