ಎಕೋ ಕಮ್ಮಿ ಮಾಡು

ನನ್ನ ಕೆಲಸ ಮಾತಾಡೋದಲ್ಲ,
ಮಾತಿಗೆ ಕರೆಂಟು ಕೊಡೋದು.
ಯಾದಗಿರಿ ಗಾಂಧಿ ಚೌಕದಿಂದ ಸ್ಟೇಷನ್ ತನಕ
ಯಾರನ್ನರೆ ಕೇಳ್ರಿ, ಮೈಕ್ ಸೆಟ್ ಸಾಯಬಣ್ಣ ಅಂದ್ರ ಗೊತ್ತು.
ಮೊದಲು ಒಂದು ಮದುವಿಗೆ ಎಂಟು ಬಾಕ್ಸು ಒಯ್ತಿದ್ದೆ.
ಈಗ ಎರಡು ಸಾಕು ಅಂತಾರ,
ಒಂದರಾಗ ಮುಗಿಯಂಗಿಲ್ಲೇನು ಅಂತಲೂ ಕೇಳ್ತಾರ.

ಅವತ್ತು ರಾಜಧಾನಿಯಿಂದ ಸಲಹೆಗಾರರು ಬಂದಿದ್ರು, ಇಬ್ಬರು.
ಒಬ್ಬರಿಗೆ ನಮ್ಮ ಬಿಸಿಲು ತಡಿಲಿಲ್ಲ,
ಇನ್ನೊಬ್ಬರಿಗೆ ಶೇಂಗಾ ಹಿಂಡಿ ಭಾಳ ಸೇರಿತು.
ಸಭಾದ ಹೆಸರು 'ಜನರ ದನಿ'.
ಬ್ಯಾನರ್ ಪ್ರಿಂಟಿನವ ಗುಡಿಸು ಬಿಟ್ಟಿದ್ದ,
'ಜನರ ದನ' ಅಂತ ಬಂದಿತ್ತು.
ಮಾರ್ಕರ್ ತಂದು, ಕುರ್ಚಿ ಹತ್ತಿ, ನಾನೇ ಗುಡಿಸು ಹಚ್ಚಿದೆ.

ಹಡಪದ ಮೋನಪ್ಪ ಎದ್ದು ಅಂದ:
ಸಾಹೇಬ್ರ, ಹದಿನೈದು ದಿನಕ್ಕ ಬರೋ ತಲಿಗಳು
ಎರಡು ತಿಂಗಳಾದ್ರೂ ಬರವಲ್ವು.
ಊರ ಮಂದಿ ಕೂದಲ ಬೆಳಿಲತ್ತದ,
ನನ್ನ ಕತ್ರಿಗೆ ಜಂಗು ಹಿಡಿಲತ್ತದ.

ಟೇಲರ್ ಜುಲೇಖಾಬಿ ಅಂದಳು:
ಹೊಸಾದು ಹೊಲಿಸೋರಿಲ್ರಿ,
ಹಳೇದು ಬಿಚ್ಚಿ ಸಣ್ಣವರಿಗೆ ಮಾಡಿಕೊಡು ಅಂತಾರ.
ಬಿಚ್ಚಿದ್ದಕ್ಕ ಎಷ್ಟು ರೊಕ್ಕ ಕೇಳ್ಬೇಕು, ನೀವೇ ಹೇಳ್ರಿ.

ಬ್ಯಾಳಿ ಮಿಲ್ಲಿನ ಹಮಾಲ ಭೀಮಶ್ಯಾ ಮೈಕ್ ಹಿಡಿದ.
ಏನೂ ಅನ್ನಲಿಲ್ಲ. ಬರೇ ಉಸಿರು ಬಿಟ್ಟ.
ಆ ಉಸಿರಿಗೇ ಬಾಕ್ಸು ಗುಂಯ್ ಅಂತು.

ಸಲಹೆಗಾರರು ನಕ್ಕೋತ ಪರದಾ ಮ್ಯಾಲ ಗೆರಿಯೊಂದು ತೋರಿಸಿದ್ರು.
ಅದು ಮ್ಯಾಲಕ್ಕ ಹೊಂಟಿತ್ತು, ಕಿಲ್ಲಾ ಗುಡ್ಡದ ಮೆಟ್ಟಲದಂಗ.
'ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ?
ಚಹಾದಂಗಡಿಗಳು ತುಂಬಿವೆಯಲ್ಲ?'
ತುಂಬ್ಯಾವ್ರಿ. ಕೆಲಸ ಇಲ್ಲದ ಊರಾಗ
ಚಾದಂಗಡಿ ಮುಂಜಾನಿಯಿಂದನೇ ತುಂಬತಾವ,
ಒಂದು ಚಾಕ್ಕ ಇಬ್ಬರಂಗ, ಮೂವರಂಗ.
ಇದನ್ನ ನಾ ಅನ್ನಲಿಲ್ಲ.
ನನ್ನ ಮುಂದಿದ್ದದ್ದು ಮಿಕ್ಸರು, ಮೈಕಲ್ಲ.

ಊಟಕ್ಕ ಎದ್ದಾಗ
ಕಾಲರ್ ಮೈಕ್ ಬಂದ್ ಮಾಡೋದು ಮರ್ತಿದ್ರು.
ಹೊರಗಿನ ಬಾಕ್ಸು ಬಂದ್, ನನ್ನ ಕಿವಿಯಾಗ ಹೆಡ್‌ಫೋನು.
'ಬರೀ ಎಕೋ ಕಣ್ರೀ ಇದು.
ಒಬ್ಬ ಅಂದಿದ್ದನ್ನೇ ಇನ್ನೊಬ್ಬ ಅಂತಾನೆ.
ಕಷ್ಟ ಇಲ್ಲ, ಕಷ್ಟ ಅನ್ನೋ ಅಭ್ಯಾಸ ಇದೆ.
ವರದಿಯಲ್ಲಿ ಭಾವನೆ ಅಂತ ಹಾಕೋಣ.'
ಆಮ್ಯಾಲ ಹಿಂಡಿ ನೆಕ್ಕಿದ ಸಪ್ಪಳ.

ಎಕೋ ಅಂದ್ರೇನಂತ ನನಗ ಗೊತ್ತದ ಸಾಹೇಬ್ರ,
ಮೂವತ್ತು ವರ್ಷದ ಧಂದಾ ಅದು.
ಮಂದಿ ತುಂಬಿದ ಹಾಲಿನಾಗ ಎಕೋ ಬರಂಗಿಲ್ಲ.
ಮೈ, ಸೀರಿ, ಕೂಸು, ಬುತ್ತಿ ಗಂಟು,
ಎಲ್ಲಾ ಕೂಡಿ ದನಿ ಕುಡಿದು ಬಿಡ್ತಾವ.
ಎಕೋ ಬರೋದು ಖಾಲಿ ಇದ್ದಲ್ಲಿ.
ಹ್ವಾದ ವಾರ ನಮ್ಮ ಮನಿ ಅಲಮಾರಿ ಮಾರಿದೆ,
ಅದರ ಮೊದಲು ದೊಡ್ಡ ಬಾಕ್ಸಿನ ಜೋಡಿ.
ಈಗ ರಾತ್ರಿ ನನ್ನಾಕಿ ನೀರು ತಾ ಅಂದ್ರ
ಗ್ವಾಡಿನೂ ನೀರು ತಾ ಅಂತದ.

ಮಾಸ್ಟರ್ ಗುಂಡಿ ಮ್ಯಾಲ ಬೆರಳಿತ್ತು.
ಒಂದು ಚೂರು ಏರಿಸಿದ್ರ
ಅವರ ಊಟದ ಮಾತು ಇಡೀ ಚೌಕಕ್ಕ ಕೇಳ್ತಿತ್ತು.
ಹಿಂದಿನ ಮೂರು ಸಭಾದ ಬಿಲ್ಲು
ಅವರದೇ ಆಫೀಸಿನಾಗ ಕುಂತದ.
ಬೆರಳು ತಗದೆ.
ನಾಚಿಕಿ ಆತು. ನಾಚಿಕಿ ಅಂತೇ ಬರ್ಕೋರಿ,
ಭಾವನೆ ಅಂತ ಬ್ಯಾಡ.

ಮಧ್ಯಾಹ್ನ ಅರ್ಧ ಹಾಲು ತಿರುಗಿ ಬರಲಿಲ್ಲ.
ಮೋನಪ್ಪನ ಕುರ್ಚಿ ಮ್ಯಾಲ ಬಿಸಿಲು ಕುಂತಿತ್ತು.
ಉಳಿದ ಮುದುಕಿಯೊಬ್ಬಳು ಪಿಂಚಣಿ ಅಂದ್ರ
ಹಿಂದಿನ ಗ್ವಾಡಿ ಪಿಂಚಣಿ, ಪಿಂಚಣಿ ಅಂತಿತ್ತು.
'ಏನಪ್ಪಾ, ಎಕೋ ಕಮ್ಮಿ ಮಾಡು' ಅಂದ್ರು.
ನನ್ನ ಟೆಸ್ಟಿಂಗ್ ಮೈಕ್ ಚಾಲೂ ಇತ್ತು,
ಗೊತ್ತಿದ್ದೇ ಅಂದೆ:
ಮಂದಿನ್ನ ಕರೀರಿ ಸಾಹೇಬ್ರ, ತಾನೇ ಕಮ್ಮಿ ಆಗ್ತದ.

ಖಾಲಿ ಕುರ್ಚಿಗಳು ಅಂದವು:
ಕರೀರಿ, ಕರೀರಿ.

ಈಗ ನಾಕು ಸಭಾದ ಬಿಲ್ಲು ಕುಂತದ.