ಮೇಲಿನ ಸೆಟ್ಟು

ನಮ್ಮಲ್ಲಿ ಅಜ್ಜಿಯನ್ನು ತಾಯಿ ಅನ್ನುತ್ತೇವೆ.
ತಾಯಿ ಸತ್ತ ದಿನ ಅವಳ ಮೇಲಿನ ಹಲ್ಲಿನ ಸೆಟ್ಟು
ಸ್ಟೀಲು ಲೋಟದ ನೀರಿನಲ್ಲಿ ನಗುತ್ತಲೇ ಇತ್ತು.
ಜೊತೆಗೆ ಕಳಿಸುವುದೋ ಬೇಡವೋ
ಎಂದು ದೊಡ್ಡವರು ಕಯ್ಯಾಲೆಯಲ್ಲಿ ವಾದಕ್ಕೆ ಕೂತಾಗ
ನಾನು ಲೋಟ ಎತ್ತಿ ಬಚ್ಚಿಟ್ಟೆ.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಹಲಗೆಯ ಮೇಲೊಂದು ದವಡೆ, ಒಸಡಿಗೆ ದಾಸವಾಳದ ಕೆಂಪು,
ಕೆಳಗೆ: ತಾನ್, ಚೀನಾ ದಂತವೈದ್ಯರು.
ಹಲ್ಲು ಎನ್ನಲು ಅವರಿಗೆ ಬರುತ್ತಿರಲಿಲ್ಲ, ಪಲ್ಲ್ ಎನ್ನುವರು.
ನಮಗೂ ಅದು ಪಲ್ಲೇ.
ಘಟ್ಟದ ಕೆಳಗಿನವರು ನಕ್ಕರು, ನಾವು ಬಾಯಿ ತೆರೆದೆವು.

ಯಾವ ಊರು ಎಂದರೆ ಹುಬೆ.
ಹುಬೆಯೊಳಗೆ ತಿಯೆನ್‌ಮೆನ್. ಹಾಗೆಂದರೆ ಆಕಾಶದ ಬಾಗಿಲು.
ಬಾಗಿಲೇನೋ ದೊಡ್ಡದು, ಒಳಗೆ ಬರುವುದು ಬರೀ ಹೊಳೆ ನೀರು
ಎಂದು ಹುಳುಕಿಗೆ ಗಾರೆ ತುಂಬುತ್ತ ಹೇಳುವರು.
ಗದ್ದೆ ಕಳಕೊಂಡವರು ಕಾಗದದ ಹೂ ಕಟ್ಟಿ
ಹಡಗು ಹತ್ತಿದರಂತೆ, ಹೂ ಮಾರಿ ಹೂ ಮಾರಿ ಬರ್ಮಾ, ಕಲ್ಕತ್ತ.
ಬಾಯೊಳಗಿನ ಕೆಲಸ ಕಲಿತದ್ದು ದಾರಿಯಲ್ಲಿ:
ಹೂವಿಗೆ ಎಲ್ಲರೂ ಚೌಕಾಸಿ,
ಹಲ್ಲುನೋವಿನಲ್ಲಿ ಯಾರೂ ಮಾಡುವುದಿಲ್ಲ.

ನನ್ನ ಹಾಲುಹಲ್ಲು ಕಿತ್ತ ದಿನ ಕೈಗೆ ಬಂದದ್ದು
ಒಂದು ಕಾಗದದ ಹೂ.

ಯುದ್ಧದ ವರ್ಷ ನಾನಿನ್ನೂ ಹುಟ್ಟಿರಲಿಲ್ಲ.
ಸೋಮವಾರ ಸೋಮವಾರ ಠಾಣೆಗೆ ಹೋಗಿ ರುಜು,
ಪೇಟೆಯ ಗಡಿ ದಾಟಕೂಡದು.
'ತಾನ್ ತಾನೇ ಬಂದು ರುಜು ಹಾಕಿದ್ದಾನೆ'
ಎಂದು ಬರೆದ ದಫೇದಾರ ಚೀಯಣ್ಣ
ಮಂಗಳವಾರ ಕೆನ್ನೆ ಊದಿಸಿಕೊಂಡು ಬಂದು
ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತನಂತೆ.

ನಮ್ಮ ಮನೆಯಿಂದ ಆ ಹಿಮಕ್ಕೆ ಹೋದವರು ಇಬ್ಬರು.
ಬಂದದ್ದು ಒಬ್ಬ.
ತಾಯಿ ಎರಡು ವರ್ಷ ಆ ಓಣಿಗೆ ಕಾಲಿಡಲಿಲ್ಲ.
ಮೇಲಿನ ಹಲ್ಲೆಲ್ಲ ಉದುರಿದ್ದು ಆ ಎರಡೇ ವರ್ಷದಲ್ಲಿ.

ಆಮೇಲೆ ಹೋದಳು. ಏನು ಮಾತಾಡಿದರೋ.
ಮೇಣ ಕಚ್ಚಿಸಿ ಅಳತೆ ತೆಗೆದರು.
ದುಡ್ಡಿನ ಬದಲು ಕೊಟ್ಟದ್ದು ಬಟ್ಟೆ ಸುತ್ತಿ ತಂದ
ಕಡಂಬಿಟ್ಟು, ಪಂದಿಕರಿ. ಮುಚ್ಚಳ ತೆಗೆದರೆ
ಕನ್ನಡಕಕ್ಕೆ ಹಬೆ ಕಟ್ಟಿತು. ಒರೆಸಿಕೊಳ್ಳಲಿಲ್ಲ.
ನಮ್ಮಲ್ಲೂ ಎಲ್ಲ ಹಬೆಯಲ್ಲೇ ಬೇಯುವುದು, ಎಂದರಂತೆ,
ಮೀನು, ಸೊಪ್ಪು, ಅಕ್ಕಿನುಚ್ಚಲ್ಲಿ ಹೊರಳಿಸಿದ ಹಂದಿ.

ಸೆಟ್ಟಿನ ಅಂಗುಳಿನ ಕಡೆ, ಗುಲಾಬಿ ಬಣ್ಣದೊಳಗೆ,
ಸೂಜಿಯಲ್ಲಿ ಕೊರೆದ ಮೂರು ಗೀಟು.
ಮಂತ್ರ ಎಂದಳು ಅತ್ತೆ. ಕ್ಷಮಿಸಿ ಅಂತಿರಬೇಕು, ಎಂದ ಅಣ್ಣ.
ಹಿಮದಲ್ಲಿ ಉಳಿದವನ ಹೆಸರೇ ಅದು ಎಂದು ನಾನು
ಯಾರಿಗೂ ಹೇಳದೆ ಬಹಳ ವರ್ಷ ನಂಬಿದ್ದೆ.

ಹೋದ ಪುತ್ತರಿಗೆ ಅವರ ಮಗಳು ಬಂದಿದ್ದಳು, ಟೊರಾಂಟೊದಿಂದ.
ಷಿಯಾವ್‌ಲಾನ್. ಅರವತ್ತು ದಾಟಿದೆ.
ಅಂಗಡಿ ಈಗ ಮೊಬೈಲು ರಿಪೇರಿ.
ಹೊಸಿಲಲ್ಲೇ ನಿಂತು, ಕುರ್ಚಿ ಅಲ್ಲಿತ್ತು ಎಂದಳು
ಕೊಡವ ತಕ್ಕಿನಲ್ಲಿ, ನನಗಿಂತ ಚೆನ್ನಾಗಿ.

ಮನೆಗೆ ಕರೆತಂದು ಲೋಟ ಕೊಟ್ಟೆ.
ದೀಪಕ್ಕೆ ಹಿಡಿದು, ತಿರುಗಿಸಿ, ಜೋರಾಗಿ ನಕ್ಕಳು.
'ಮೇಲೆ' ಅಂತಿದೆ. ಅಷ್ಟೇ.
ಯಾವುದು ಮೇಲಿನದು ಯಾವುದು ಕೆಳಗಿನದು
ಅಪ್ಪನಿಗೆ ಮರೆತು ಹೋಗುತ್ತಿತ್ತು. ಎಲ್ಲದಕ್ಕೂ ಬರೆದಿಡುತ್ತಿದ್ದ.

ಹೊರಗೆ ಕದಿರು ತೆಗೆದ ಕೋವಿಯ ಸದ್ದು ಮುಗಿದಿತ್ತು.
ಹೊಸ ಅಕ್ಕಿಯ ಪಾಯಸಕ್ಕೆ ನಾವು ಬೇಕೆಂದೇ
ನಾಲ್ಕು ಪುಟ್ಟ ಕಲ್ಲು ಹಾಕುತ್ತೇವೆ,
ಸಿಕ್ಕವರ ಆಯಸ್ಸು ಗಟ್ಟಿ.
ಈ ಸಲ ಒಂದು ಸಿಕ್ಕಿದ್ದು ಅವಳಿಗೆ.
ಕೆನ್ನೆ ಹಿಡಿದುಕೊಂಡು, ಬಾಯ್ತುಂಬ ಪಾಯಸ,
ಪಲ್ಲ್, ಎಂದಳು.