ಮುಚ್ಚಳದ ಒಳಮೈ

ಶುಕ್ರವಾರ ಸಂಜೆ, ಬೀಗ ಹಾಕುವ ಹೊತ್ತಿಗೆ ಬಂತು
ಅತ್ತಾವರದ ನಮ್ಮ ಲ್ಯಾಬಿಗೆ ಬಾಟಲಿ:
ಜಲಜಾ ಕರ್ಕೇರ, ನಲವತ್ತೊಂದು, ತೋಟಬೆಂಗ್ರೆ.
ಹೊಟ್ಟೆಯ ತೀರ ಒಳಗೆ, ಕರುಳಿನ ಹಿಂದೆ,
ಬೆನ್ನೆಲುಬಿಗೆ ಒರಗಿ ಕೂತ ಕುರು.
ಚೂರು ಮಾಂಸ ಫಾರ್ಮಲಿನ್ನಿನಲ್ಲಿ ತೇಲುತ್ತಿತ್ತು.

ಇದರಲ್ಲಿ ಅದ್ದಿದ್ದು ಬೆಳೆಯುವುದಿಲ್ಲ ಸಾರ್,
ಕೀವನ್ನು ಹಾಗೇ ಕೊಡಿ, ಎಂದು
ಫೋನಿನಲ್ಲಿ ಜಗಳಕ್ಕೇ ನಿಂತೆ.
ಮಯ್ಯ ಡಾಕ್ಟರು ಬೈದರು.
ಆಮೇಲೆ ಇನ್ನೊಮ್ಮೆ ಚುಚ್ಚಿ ಕಳಿಸಿದರು,
ಸಿರಿಂಜಿನಲ್ಲೇ, ಎರಡು ಎಂ.ಎಲ್.

ಮೊದಲು ಕ್ಯಾನ್ಸರ್ ಅಂದಿದ್ದರಂತೆ, ಆಮೇಲೆ ಟಿ.ಬಿ.
ನಾಲ್ಕು ತಿಂಗಳು ಮಾತ್ರೆ ನುಂಗಿ, ಕೆಂಪು ಉಚ್ಚೆ ಹೊಯ್ದು,
ಧಕ್ಕೆಯ ಐಸ್ ಪ್ಲಾಂಟಿನ ಕೆಲಸ ಬಿಟ್ಟು,
ಕೂರಲಾರದೆ ಫೆರಿಯಲ್ಲಿ ನಿಂತೇ ಹೊಳೆ ದಾಟುತ್ತಿದ್ದಳಂತೆ.
ಅವಳ ತಮ್ಮ ಇಷ್ಟು ಹೇಳಿದ,
ಕೌಂಟರಿನ ಕಂಬಿ ಬಿಡದೆ.

ಪೆಥಾಲಜಿಯವರು ಕರೆದು ತೋರಿಸಿದರು:
ಅಗಲದ, ತೆಳುಗೋಡೆಯ ಎಳೆಗಳು,
ಬೈಹುಲ್ಲಿನ ಮುರುಕಿನ ಹಾಗೆ,
ಸುತ್ತ ಕುಂಕುಮದ ಕೆಂಪು ಅಂಚು.
ಕರೆಯದೆ ಬಂದವರಿಗೆ ಮೈ ಇಡುವ ಗುರುತು.

ಮೂರನೆಯ ದಿನ ಪ್ಲೇಟಿನಲ್ಲಿ
ಬೂದು ಹಳದಿ ಮೇಣದ ಬಿಲ್ಲೆ,
ಬಿಸಿಲಿಗಿಟ್ಟು ಮರೆತ ಹಪ್ಪಳದ ಸುಕ್ಕು.
ನಾಲ್ಕನೆಯ ದಿನ ಮುಚ್ಚಳ ಮಬ್ಬಾಗಿತ್ತು.
ಒರೆಸಿದೆ. ಹೋಗಲಿಲ್ಲ. ಮಬ್ಬು ಒಳಗಿನದು:
ಒಂದೊಂದೇ ಬೀಜ ತನ್ನನ್ನು ತಾನೇ ಮೇಲಕ್ಕೆ ಎಸೆದುಕೊಂಡು
ಅಲ್ಲಿ ಅಂಟಿತ್ತು. ರಾತ್ರಿಯಿಡೀ
ಯಾರಿಗೂ ಕೇಳಿಸದ ಗರ್ನಾಲು.

ಬ್ಯಾಸಿಡಿಯೋಬೋಲಸ್.
ಕಪ್ಪೆಯ ಕರುಳಲ್ಲಿ, ಹಲ್ಲಿಯ ಹಿಕ್ಕೆಯಲ್ಲಿ
ತನ್ನ ಪಾಡಿಗೆ ತಾನಿರುವ ಬೂಷ್ಟು.
ಇಪ್ಪತ್ತೆರಡು ವರ್ಷದಲ್ಲಿ ನನಗಿದು ಎರಡನೆಯದು.
ಮೊದಲನೆಯದನ್ನು
ಗಾಳಿಯಿಂದ ಬಿದ್ದ ಕಸವೆಂದು ಆಟೋಕ್ಲೇವಿಗೆ ಹಾಕಿದ್ದೆ.
ಆ ಮುಚ್ಚಳವೂ ಮಬ್ಬಾಗಿತ್ತು.
ಆ ಹುಡುಗನ ಹೆಸರು ಹಳೆಯ ರಿಜಿಸ್ಟರಿನಲ್ಲಿದೆ.
ರಿಜಿಸ್ಟರು ಮೇಲಿನ ಅಟ್ಟದಲ್ಲಿದೆ.

ಈಗ ಜಲಜಾಗೆ ದಿನಕ್ಕೆರಡು ಸಲ ಕ್ಯಾಪ್ಸೂಲು, ಊಟದ ಜೊತೆ.
ಗಡ್ಡೆ ನಿಂಬೆಯಷ್ಟಾಗಿದೆ ಎನ್ನುತ್ತದೆ ಸ್ಕ್ಯಾನು.
ಮೊನ್ನೆ ರಕ್ತ ಕೊಡಲು ಬಂದವಳು ಕೇಳಿದಳು:
ಎಲ್ಲಿಂದ ಬಂತು ಮೇಡಂ, ನನ್ನ ಹೊಟ್ಟೆಗೇ ಯಾಕೆ?
ಮಣ್ಣಿರಬಹುದು, ಬಾವಿ ನೀರು, ತೊಳೆಯದ ಸೊಪ್ಪು...
ಗೊತ್ತಿಲ್ಲ ಎಂಬುದನ್ನು
ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಹೇಳಿದೆ.

ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿತು.
ಜಲಜಾ ಖಾಲಿ ಕೈಯಲ್ಲಿ
ಮೇಜು ಕುಟ್ಟಿದಳು, ಮೂರು ಸಲ, ಸತ್ಯ ಸತ್ಯ ಅನ್ನುತ್ತ.
ಇನ್ನೊಂದು ಕೈಯ ಮುಷ್ಟಿ
ಬಿಗಿಹಿಡಿಯಿರಿ ಎಂದೆ ನಾನು.